ಕೂದಲಿಗಿಂತ ತೆಳುವಾದ ಏರು, ಕೈಗೆ ಬಡಿಯುವ ಬ್ರೇಕು!

“ಬ್ರೇಕ್ ಹಿಡದ್ರ ಕೈಯಾಗ ಬಡೀಲಕತ್ತದ್ರಿ.”

“ಡಿಸ್ಕ್ ಬೆಂಡ್ ಆಗ್ಯಾದ, ಬದಲ್ ಮಾಡ್ರಿ.”

ಕಲಬುರಗಿ ಸೀಮೆಯಲ್ಲಿ ಕುಸನೂರಿನಿಂದ ಕಮಲಾಪುರದವರೆಗೆ ಯಾವ ಗ್ಯಾರೇಜಿನ ಮುಂದೆ ನಿಂತರೂ ಕೇಳಬಹುದಾದ ಮಾತಿದು. ಆದರೆ ಅಚ್ಚರಿ ನೋಡಿ: ಎಷ್ಟೋ ಸಲ ಆ ಡಿಸ್ಕ್ ಬೆಂಡೇ ಆಗಿರುವುದಿಲ್ಲ!

ಸವಾರನೂ ಸೇರಿ 200 ಕೆ.ಜಿ. ತೂಗುವ ಬೈಕು 60 ಕಿ.ಮೀ. ವೇಗದಿಂದ ನಿಂತಿತೆನ್ನಿ. ಸುಮಾರು 28 ಸಾವಿರ ಜೂಲ್ ಶಕ್ತಿ ಕ್ಷಣದಲ್ಲಿ ಶಾಖವಾಗಬೇಕು. ಅಷ್ಟೂ ಒಂದು ಕೆ.ಜಿ. ಉಕ್ಕಿಗೆ ಇಳಿದರೆ ಒಂದೇ ಏಟಿಗೆ 55 ಡಿಗ್ರಿ ಏರಿಕೆ! ಅದೂ ಕಲಬುರಗಿಯ 42 ಡಿಗ್ರಿ ಬಿಸಿಲಿನ ಮೇಲೆ. ಹೀಗೆ ಮತ್ತೆ ಮತ್ತೆ ಬ್ರೇಕ್ ಹಿಡಿದು ಚೆನ್ನಾಗಿ ಕಾದ ಡಿಸ್ಕನ್ನು ಸಿಗ್ನಲ್‌ನಲ್ಲಿ ಬಿಗಿಯಾಗಿ ಹಿಡಿದು ನಿಂತರೆ ಪ್ಯಾಡಿನ ಮಸಾಲೆ ಅದೇ ಜಾಗಕ್ಕೆ ಮೆತ್ತಿಕೊಳ್ಳಬಹುದು. ಅಲ್ಲಿ ಡಿಸ್ಕ್ ತುಸು ದಪ್ಪ. ಎಷ್ಟು? 0.02 ಮಿ.ಮೀ., ತಲೆಗೂದಲಿಗಿಂತ ತೆಳು!

ಇಷ್ಟು ಸಣ್ಣದು ಕೈಗೆ ಗೊತ್ತಾಗುವುದಾದರೂ ಹೇಗೆ? ಮೋಜಿರುವುದೇ ಇಲ್ಲಿ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ವ್ಯಾಸ 30 ಮಿ.ಮೀ., ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರಿನದು 12.7 ಮಿ.ಮೀ. ಇದ್ದರೆ ವಿಸ್ತೀರ್ಣದ ಲೆಕ್ಕದಲ್ಲಿ ಕೆಳಗಿನ ಚಲನೆ ಮೇಲೆ ಐದೂವರೆ ಪಟ್ಟಾಗುತ್ತದೆ. ಲಿವರ್ ಅದನ್ನು ಮತ್ತೆ ಐದು ಪಟ್ಟು ಹಿಗ್ಗಿಸಿದರೆ ಬೆರಳ ತುದಿಯಲ್ಲಿ ಅರ್ಧ ಮಿ.ಮೀ. ಕುಣಿತ, ಚಕ್ರ ಸುತ್ತಿದಷ್ಟೂ ಸಲ! ನಮ್ಮ ಬಲವನ್ನು ಹಿಗ್ಗಿಸಿ ಚಕ್ರ ಹಿಡಿಯುವ ಬ್ರೇಕ್ ಎಣ್ಣೆಯೇ ಡಿಸ್ಕಿನ ದೂರನ್ನೂ ಹಿಗ್ಗಿಸಿ ಕೈಗೆ ಮುಟ್ಟಿಸುತ್ತದೆ.

ಹಾಗಾದರೆ ಡಿಸ್ಕ್ ನಿಜವಾಗಿಯೂ ಬೆಂಡಾಗಿದೆಯೇ ಎಂದು ತಿಳಿಯುವುದು ಹೇಗೆ? ಶಹಾಬಾದ್ ಕಲ್ಲಿನ ಮೇಲಿಟ್ಟು ಕಣ್ಣಳತೆಯಲ್ಲಿ ನೋಡಿದರೆ ತಿಳಿಯದು. ಫೋರ್ಕಿಗೆ ಡಯಲ್ ಗೇಜ್ ಕಟ್ಟಿ, ಅದರ ಮೊನೆಯನ್ನು ಡಿಸ್ಕಿಗೆ ತಾಗಿಸಿ, ಚಕ್ರ ಮೆಲ್ಲಗೆ ತಿರುಗಿಸಬೇಕು. ಓಲಾಟ ಮ್ಯಾನುಯಲ್ ಕೊಟ್ಟ ಮಿತಿ ದಾಟಿದರೂ ತೀರ್ಪು ಕೊಡಬೇಡಿ! ಡಿಸ್ಕ್ ಬಿಚ್ಚಿ, ಅದು ಕೂರುವ ಚಕ್ರದ ಹಬ್ಬಿನ ಮೇಲೆ ಅಂಟಿದ ತುಕ್ಕು, ಎರೆಮಣ್ಣು ಕೆರೆದು ಮತ್ತೆ ಕೂರಿಸಿ ಅಳೆಯಿರಿ. ಮುಳ್ಳು ಸುಮ್ಮನಾದರೆ ಕಳ್ಳ ಹಬ್ಬಿನಲ್ಲಿದ್ದ ಎಂದರ್ಥ. ವೀಲ್ ಬೇರಿಂಗ್ ಸಡಿಲವಿದೆಯೇ, ಕ್ಯಾಲಿಪರಿನ ಸ್ಲೈಡ್ ಪಿನ್ ಜಾಮಾಗಿದೆಯೇ, ಅದನ್ನೂ ನೋಡಬೇಕು. ಇನ್ನೊಂದು ಗುಟ್ಟು: 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ (ಗಕ್ಕನೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಗಕ್ಕನೆ ಹಿಡಿದಾಗ ಮಾತ್ರ ಲಿವರ್ ನಡುಗಿದರೆ ಅದು ಎಬಿಎಸ್ ಕೆಲಸವಿರಬಹುದು!

ಇಷ್ಟಾದರೂ ಓಲಾಟ ಉಳಿದರೆ ಸುತ್ತಿಗೆ ಏಟು ಬೇಡ, ಲೇತೂ ಬೇಡ. ಬೈಕಿನ ಡಿಸ್ಕ್ ಮೊದಲೇ ತೆಳು. ಸವೆದ ಮೇಲೂ ಉಳಿದಿರಬೇಕಾದ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ಹೊಸ ಡಿಸ್ಕಿಗೆ ಹೊಸ ಪ್ಯಾಡ್ ಜೋಡಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿ ಮಾಡಿಸಿ. ಮೊದಮೊದಲು ಖಾಲಿ ರಸ್ತೆಯಲ್ಲಿ ಹದವಾಗಿ ಬ್ರೇಕ್ ಹಿಡಿಯುತ್ತ, ನಡುನಡುವೆ ತಣ್ಣಗಾಗಲು ಬಿಟ್ಟು ಪಳಗಿಸಿ. ಆದರೆ ದುಡ್ಡು ತೆಗೆಯುವ ಮುಂಚೆ ಒಂದೇ ಮಾತು ಕೇಳಿ: “ಗೇಜ್ ಹಚ್ಚಿ ನೋಡೀರೇನ್ರಿ?”