ದೂರಪಾಠದಲ್ಲಿ ಗುರುಶಿಷ್ಯರ ಮಾತುಕತೆ

ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕರ ಕಣ್ಣು ವಿದ್ಯಾರ್ಥಿಗಳ ಮುಖದ ಮೇಲಿರುತ್ತದೆ. ಯಾರದಾದರೂ ಹುಬ್ಬು ಗಂಟಿಕ್ಕಿದರೆ ಸಾಕು, ಹೇಳಿದುದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತಾರೆ. ಅಂತರಜಾಲದ ಮೂಲಕ ಕಲಿಸುವ, ಮೊದಲೇ ಚಿತ್ರೀಕರಿಸಿಟ್ಟ ಪಾಠದಲ್ಲಿ ಈ ಮುಖದರ್ಶನವಿಲ್ಲ. ಕಣ್ಣು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದರಿಂದ ಮಾಡಿಸುವುದು? ಇಂತಹ ಪಾಠಕ್ರಮಗಳನ್ನು ರಚಿಸುವವರ ನಿಜವಾದ ತೊಡಕು ಇದು.

ತೊಡಕೇನೂ ಹೊಸದಲ್ಲ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಬಂದಾಗ ಐಸಾಕ್ ಪಿಟ್‌ಮನ್ ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸತೊಡಗಿದ. ವಿದ್ಯಾರ್ಥಿಗಳು ಬರೆದು ಕಳುಹಿಸಿದುದನ್ನು ಅವನು ತಿದ್ದಿ ಹಿಂದಿರುಗಿಸುತ್ತಿದ್ದ. ಅವನ ಯಶಸ್ಸಿನ ಗುಟ್ಟು ಹೋದ ಪಾಠದಲ್ಲಿಲ್ಲ, ತಿದ್ದಿ ಬಂದ ಹಾಳೆಯಲ್ಲಿದೆ. 1951ರಲ್ಲಿ ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್‌ನಿಂದ ದೂರದ ಪಶುಪಾಲನ ಕ್ಷೇತ್ರಗಳ ಮಕ್ಕಳಿಗೆ ರೇಡಿಯೋ ಪಾಠ ಆರಂಭವಾಯಿತು. ಮೊದಮೊದಲು ಅಧ್ಯಾಪಕರು ಮಾತ್ರ ಮಾತನಾಡುತ್ತಿದ್ದರು. ಬೇಗನೆ ಪಾಠದ ಕೊನೆಯಲ್ಲಿ ಪ್ರಶ್ನೋತ್ತರಕ್ಕೆ ವೇಳೆಯನ್ನು ಮೀಸಲಿಡಬೇಕಾಯಿತು.

ಅಮೆರಿಕದ ಶಿಕ್ಷಣತಜ್ಞ ಮೈಕೇಲ್ ಮೂರ್ ಅವರ ಅಭಿಪ್ರಾಯದಂತೆ ಇಲ್ಲಿ ‘ದೂರ’ವೆಂಬುದು ಮೈಲಿಗಳ ಲೆಕ್ಕವಲ್ಲ, ಅಧ್ಯಾಪಕನ ಮನಸ್ಸಿನಲ್ಲಿದ್ದುದಕ್ಕೂ ವಿದ್ಯಾರ್ಥಿ ತಿಳಿದುಕೊಂಡುದಕ್ಕೂ ನಡುವಣ ಅಂತರ. ಸಂವಾದ ಹೆಚ್ಚಿದಂತೆ ಈ ಅಂತರ ಕುಗ್ಗುತ್ತದೆ. ಪಾಠಕ್ರಮ ಅಲುಗಾಡದಷ್ಟು ಬಿಗಿಯಾಗಿದ್ದು ಮಾತಿಗೆ ಎಡೆಯಿಲ್ಲವಾದರೆ ಹಿಗ್ಗುತ್ತದೆ.

ಆದರೆ ವಿದ್ಯಾರ್ಥಿಗಳು ಸಾವಿರಗಟ್ಟಲೆ ಇದ್ದರೆ? 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೃತಕ ಬುದ್ಧಿಮತ್ತೆಯ ಪಾಠಕ್ಕೆ ಸುಮಾರು 1,60,000 ಮಂದಿ ಹೆಸರು ಕೊಟ್ಟರು. ಮುಗಿಸಿದವರು ಸುಮಾರು 23,000. ಬಿಟ್ಟವರಲ್ಲಿ ಕುತೂಹಲಕ್ಕೆಂದು ಬಂದವರೂ ಇದ್ದಿರಬೇಕು. ಆದರೂ ಇಷ್ಟು ಜನರೊಡನೆ ಇಬ್ಬರು ಅಧ್ಯಾಪಕರು ಮಾತನಾಡಲಾರರೆಂಬುದು ಸ್ಪಷ್ಟ.

ಇನ್ನೂ ಚಿಕ್ಕದೊಂದು ತರಗತಿಯನ್ನು ನೋಡೋಣ. ಜಾರ್ಜಿಯ ಟೆಕ್ ಸಂಸ್ಥೆಯಲ್ಲಿ ಪ್ರೊಫೆಸರ್ ಅಶೋಕ್ ಗೋಯೆಲ್ ಅಂತರಜಾಲದಲ್ಲಿ ನಡೆಸುತ್ತಿದ್ದ ಪಾಠಕ್ಕೆ ಸುಮಾರು 300 ವಿದ್ಯಾರ್ಥಿಗಳಿದ್ದರು. ಒಂದು ಅವಧಿಯಲ್ಲಿ ಅವರು ಬರೆಯುತ್ತಿದ್ದ ಸಂದೇಶಗಳು ಸುಮಾರು 10,000. ಒಂದೊಂದಕ್ಕೆ ಐದೇ ನಿಮಿಷ ಸಾಕೆಂದುಕೊಂಡರೂ 800 ಗಂಟೆ ಮೀರುತ್ತದೆ! ಆದುದರಿಂದ 2016ರಲ್ಲಿ ಅವರು ಸಹಾಯಕರ ಸಾಲಿಗೆ ‘ಜಿಲ್ ವಾಟ್ಸನ್’ ಎಂಬ ಗಣಕ ಕ್ರಮವಿಧಿಯನ್ನೂ ಸೇರಿಸಿದರು. ಹಿಂದಿನ ವರ್ಷಗಳ ಸುಮಾರು 40,000 ಸಂದೇಶಗಳನ್ನು ಅದಕ್ಕೆ ಉಣಿಸಲಾಗಿತ್ತು. ಮೊದಲು ಅದರ ಉತ್ತರಗಳು ಎಲ್ಲಿಂದೆಲ್ಲಿಗೋ ಹೋಗುತ್ತಿದ್ದವು. ತಿದ್ದುಪಡಿಗಳಾದ ಮೇಲೆ, ನೂರಕ್ಕೆ 97ರಷ್ಟು ಖಚಿತವೆನಿಸಿದಾಗ ಮಾತ್ರ ಉತ್ತರಿಸಲು ಅದಕ್ಕೆ ಅವಕಾಶ ಕೊಟ್ಟರು. ಅದು ಯಂತ್ರವೆಂದು ವಿದ್ಯಾರ್ಥಿಗಳಿಗೆ ತಿಳಿಸಿದುದು ಏಪ್ರಿಲ್ ಕೊನೆಯಲ್ಲಿ. (ಮೊದಲೇ ತಿಳಿಸುವುದು ಮೇಲೆಂಬುದು ನನ್ನ ಮತ.)

ಯಂತ್ರಕ್ಕೆ ಒಪ್ಪಿಸಿದ ಪ್ರಶ್ನೆಗಳು ಯಾವುವೆಂಬುದನ್ನು ವಾಚಕರು ಗಮನಿಸಬೇಕು. ಅಭ್ಯಾಸವನ್ನು ಎಂದು ಒಪ್ಪಿಸಬೇಕು, ಎಲ್ಲಿ ದೊರೆಯುತ್ತದೆ—ವರ್ಷವರ್ಷವೂ ಬರುವ, ಒಂದೇ ಉತ್ತರವುಳ್ಳ ಪ್ರಶ್ನೆಗಳವು. ಇವನ್ನು ಯಂತ್ರ ಹೊತ್ತುಕೊಂಡರೆ, ‘ನನ್ನ ತರ್ಕ ಎಲ್ಲಿ ತಪ್ಪಿತು?’ ಎಂದು ಕೇಳುವವನಿಗೆ ಮನುಷ್ಯನ ಗಂಟೆಗಳು ಉಳಿಯುತ್ತವೆ. ಉಳಿದ ಗಂಟೆಗಳನ್ನು ಸಂಸ್ಥೆಯವರು ಖರ್ಚಿನ ಉಳಿತಾಯವೆಂದು ಕಿತ್ತುಕೊಂಡರೆ ವಿದ್ಯಾರ್ಥಿಗೆ ಬಂದ ಲಾಭವೇನು?

ಇಷ್ಟಾದರೂ ಏನನ್ನೂ ಕೇಳದ ವಿದ್ಯಾರ್ಥಿ ಹೊರಗುಳಿದ. ತನಗೆ ಏನು ತಿಳಿದಿಲ್ಲವೆಂಬುದೇ ಅವನಿಗೆ ತಿಳಿದಿರಲಾರದು. ಅವನ ವಿಷಯದಲ್ಲಿ ಅಧ್ಯಾಪಕನೇ ಮೊದಲು ಮಾತನಾಡಬೇಕು. 1990ರ ದಶಕದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಭೌತವಿಜ್ಞಾನದ ಅಧ್ಯಾಪಕರು ಒಂದು ಸರಳ ಏರ್ಪಾಡು ಮಾಡಿದರು. ತರಗತಿಗೆ ಕೆಲವು ಗಂಟೆಗಳ ಮೊದಲೇ ವಿದ್ಯಾರ್ಥಿಗಳು ಅಂತರಜಾಲದ ಮೂಲಕ ಒಂದೆರಡು ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸಬೇಕು. ಅಧ್ಯಾಪಕರು ಅವನ್ನು ಓದಿ, ಹೆಚ್ಚಿನವರು ಎಡವಿದ ಜಾಗ ಯಾವುದೆಂದು ಕಂಡುಕೊಂಡು, ಅಂದಿನ ಪಾಠವನ್ನು ಅಲ್ಲಿಂದಲೇ ಕಟ್ಟುತ್ತಿದ್ದರು.