ಹಳೆಯ ಮಂಜಿಗೆ ಮೊದಲು ಬೇಕಾದುದೇನು?

ಮಂಗಳೂರಿನ ಹಳೆಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಹೊತ್ತೊಯ್ಯುವ ಮರದ ಹಡಗುಗಳನ್ನು ನೀವು ನೋಡಿರಬಹುದು. ಕರಾವಳಿಯಲ್ಲಿ ಅವನ್ನು ಮಂಜಿ ಎನ್ನುತ್ತಾರೆ. ಒಂದು ಕಾಲದಲ್ಲಿ ಹಾಯಿಯನ್ನೇ ನಂಬಿ ಸಾಗುತ್ತಿದ್ದ ಮಂಜಿಗಳಿಗೆ ಕ್ರಮೇಣ ಇಂಜಿನ್ ಬಂತು.

ಆದರೆ ಇಂಜಿನ್ ಕೂರಿಸಿದ ಮಾತ್ರಕ್ಕೆ ಹಳೆಯ ಹಾಯಿಹಡಗು ಹೊಸದಾಗುವುದಿಲ್ಲ. ಇಂಜಿನ್‌ನ ಭಾರ ಮತ್ತು ನಡುಕ ಹಲಗೆಗಳ ಸಂದುಗಳನ್ನು ಸಡಿಲಿಸುತ್ತದೆ. ಹಾಗಾಗಿ ಮೊದಲು ತಳ ಗಟ್ಟಿಯಾಗಬೇಕು. ಮನೆಗೆ ಬಣ್ಣ ಬಳಿಸುವ ಮುನ್ನ ಮಾಡು ಸೋರುತ್ತಿದೆಯೇ ಎಂದು ನೋಡುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಮಳೆಗಾಲದಲ್ಲಿ ಯಾನ ನಿಂತಾಗ ದುರಸ್ತಿಗೆ ಬಿಡುವು ಸಿಗುತ್ತದೆ. ಸಂದುಗಳಲ್ಲಿನ ಹಳೆಯ ಹತ್ತಿಯನ್ನು ಕಿತ್ತು, ಎಣ್ಣೆಯಲ್ಲಿ ಅದ್ದಿದ ಹೊಸ ಹತ್ತಿಯನ್ನು ಉಳಿಯಿಂದ ಬಡಿದು ತುಂಬುತ್ತಾರೆ. ಇಲ್ಲಿ ಅತಿಯಾಗಬಾರದು. ದಡದಲ್ಲಿ ಒಣಗಿದ ಹಲಗೆ ನೀರಿಗಿಳಿದ ಬಳಿಕ ಉಬ್ಬುತ್ತದೆ. ತೀರಾ ಬಿಗಿಯಾಗಿ ತುರುಕಿದ್ದರೆ ಹಲಗೆಯೇ ಕಿತ್ತುಬರಬಹುದು. ತುಕ್ಕು ಹಿಡಿದ ಮೊಳೆ ಸುತ್ತಲಿನ ಮರವನ್ನೂ ಕೆಡಿಸುವುದರಿಂದ ಅದನ್ನು ಬದಲಿಸಬೇಕು. ಮರ ಕೊರೆಯುವ ಹಡಗುಹುಳು ವಾಸ್ತವದಲ್ಲಿ ಹುಳುವಲ್ಲ, ಮರುವಾಯಿಯ ಬಳಗಕ್ಕೆ ಸೇರಿದ ಜೀವಿ. ಅದನ್ನು ತಡೆಯಲು ತಳಕ್ಕೆ ಸುಣ್ಣ ಮತ್ತು ಕೊಬ್ಬಿನ ಮಿಶ್ರಣ ಬಳಿಯುವುದು ಅರಬ್ಬಿ ಸಮುದ್ರದ ನಾವಿಕರ ಹಳೆಯ ಪದ್ಧತಿ.

ನಿಮಗೆ ಅಚ್ಚರಿಯಾಗಬಹುದು, ಮರ ಕೊಳೆಯುವುದು ಉಪ್ಪುನೀರಿಗಿಂತ ಹೆಚ್ಚಾಗಿ ಮಳೆನೀರಿನಿಂದ. ಒಳಗೆ ನಿಂತ ಸಿಹಿನೀರು ಶಿಲೀಂಧ್ರಕ್ಕೆ ಆಶ್ರಯ ಕೊಡುತ್ತದೆ. ಆದ್ದರಿಂದ ಮೇಲೆ ಹೊದಿಕೆಯೂ ಬೇಕು, ಒಳಗೆ ಗಾಳಿಯೂ ಆಡಬೇಕು.

ಹೊಸ ಇಂಜಿನ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಸಂದಿನೊಳಗಿನ ಹತ್ತಿ ಕಾಣುವುದಿಲ್ಲ. ಆದರೆ ನಡುಗಡಲಿನಲ್ಲಿ ಆ ಹತ್ತಿ ಸಡಿಲವಾದರೆ ಸರಕಿನ ಜೊತೆಗೆ ದುಡಿಯಲು ಹೋದವರ ಪ್ರಾಣವೂ ಅಪಾಯಕ್ಕೆ ಸಿಲುಕುತ್ತದೆ. ದುರಸ್ತಿಯ ಹಣ ಮೊದಲು ಅಲ್ಲಿಗೇ ಸಲ್ಲಲಿ.