ಮುದ್ದೆಯ ನಾಡಿನಲ್ಲಿ ಅನ್ನನಾಳದ ಸ್ಟೆಂಟ್

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರ ಜನವರಿ 21ರಂದು ಲಿಂಗೈಕ್ಯರಾದರು. ಅದರ ಹಿಂದಿನ ವರ್ಷ ಶ್ರೀಗಳ ಪಿತ್ತನಾಳಕ್ಕೆ ಸ್ಟೆಂಟ್ ಅಳವಡಿಸಿದ ವಾರ್ತೆ ಬಂದಾಗಲೇ, ಈ ಸಾಧನ ಹೃದಯಕ್ಕೆ ಮಾತ್ರ ಮೀಸಲಲ್ಲವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದುದು.

ಕ್ಯಾನ್ಸರ್ ಗಡ್ಡೆಯಿಂದ ಅನ್ನನಾಳ ಕಿರಿದಾಗಿ ಗಂಜಿಯೂ ಇಳಿಯದಾದಾಗ, ಎಂಡೋಸ್ಕೋಪಿಯ ನೆರವಿನಿಂದ ಅಲ್ಲಿಯೂ ಲೋಹದ ಜಾಲರಿಯ ಕೊಳವೆಯನ್ನು ಕೂರಿಸುತ್ತಾರೆ. ಅದು ತಾನಾಗಿ ಅರಳಿ ದಾರಿ ತೆರೆಯುತ್ತದೆ. ಆದರೆ ಅದು ರೋಗವನ್ನು ಗುಣಪಡಿಸದು. ಅನ್ನನಾಳದಂತೆ ಆಹಾರವನ್ನು ಕೆಳಕ್ಕೆ ನೂಕಲೂ ಆರದು. ತುತ್ತು ತನ್ನ ಭಾರದಿಂದಲೇ ಜಾರಬೇಕು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮನೆಗಳಲ್ಲಿ ಎಚ್ಚರ ಬೇಕಾದುದು ಇಲ್ಲಿಯೇ. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ. ಬಹುದಿನ ಉಪವಾಸವಿದ್ದ ಹಿರಿಯರು ಆಸೆಯಿಂದ ಕೇಳಿದಾಗ ಇಲ್ಲವೆನ್ನಲು ಮನಸ್ಸು ಬಾರದು. ಆದರೆ ಅಂಟಾದ ಆ ತುತ್ತು ಕೊಳವೆಯನ್ನೇ ಮುಚ್ಚಬಲ್ಲದು. ಅದೇ ರಾಗಿಯನ್ನು ತೆಳುವಾದ ಅಂಬಲಿಯಾಗಿ ಕೊಡೋಣ. ಸೋಸಿದ ಬೇಳೆಕಟ್ಟು, ಮಜ್ಜಿಗೆಯಲ್ಲಿ ನುಣ್ಣಗೆ ಕಿವುಚಿದ ಅನ್ನ, ವೈದ್ಯರ ಒಪ್ಪಿಗೆಯಂತೆ, ಹಿತ. ರೊಟ್ಟಿ, ಬ್ರೆಡ್ಡು, ನಾರಿನ ಸೊಪ್ಪು, ನುಗ್ಗೆಕಾಯಿ ಬೇಡ. ತಟ್ಟೆಯಲ್ಲಿ ಪ್ರಸಾದ ಬಿಡಬಾರದೆಂದು ಹಿರಿಯರು ಬಲವಂತವಾಗಿ ಉಣ್ಣುವುದುಂಟು. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಬಾರಿ ಬಡಿಸಬೇಕು. ನೆಟ್ಟಗೆ ಕುಳಿತು ಉಣ್ಣಲಿ, ನಡುನಡುವೆ ನೀರು ಗುಟುಕರಿಸಲಿ.

ಸ್ಟೆಂಟ್ ಅನ್ನನಾಳದ ಕೆಳತುದಿಯಲ್ಲಿದ್ದರೆ ಜಠರದ ಹುಳಿ ಮೇಲೇರಿ ಎದೆಯುರಿ ತರುತ್ತದೆ. ಉಂಡ ಮೇಲೆ ಎರಡು ಗಂಟೆಯಾದರೂ ಮಲಗಬಾರದು. ಮಂಚದ ತಲೆಭಾಗ ಎತ್ತರವಿರಬೇಕು.

ಆಹಾರ ಸಿಕ್ಕಿಕೊಂಡರೆ ಇನ್ನೊಂದು ತುತ್ತಿನಿಂದ ನೂಕಬಾರದು. ಉಣ್ಣುವುದನ್ನು ನಿಲ್ಲಿಸಿ, ಎದ್ದು ನಿಧಾನವಾಗಿ ಅಡ್ಡಾಡಿ, ಬೆಚ್ಚಗಿನ ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಒಂದೆರಡು ಗಂಟೆಯಲ್ಲಿ ಸರಿಹೋಗದಿದ್ದರೆ, ಅಥವಾ ಉಗುಳೂ ಇಳಿಯದಿದ್ದರೆ, ಆಸ್ಪತ್ರೆಗೆ ಒಯ್ಯಬೇಕು.

ವಾರ ತಿಂಗಳುಗಳ ಬಳಿಕ ನುಂಗುವುದು ಮತ್ತೆ ಕಷ್ಟವಾದರೆ ಕೊಳವೆ ಜಾರಿರಬಹುದು, ಇಲ್ಲವೇ ಗಡ್ಡೆ ಅದರೊಳಕ್ಕೆ ಬೆಳೆದಿರಬಹುದು. ವೈದ್ಯರು ಅದನ್ನು ಸರಿಪಡಿಸಬಲ್ಲರು, ಬೇಕಾದರೆ ಒಳಗೆ ಇನ್ನೊಂದನ್ನು ಕೂರಿಸಬಲ್ಲರು, ಹಣೆಬರಹವೆಂದು ಸುಮ್ಮನಿರಬೇಕಾಗಿಲ್ಲ.

ಮೊದಲ ಕೆಲವು ದಿನ ಎದೆನೋವು ಸಹಜ. ಆದರೆ ತಾಳಲಾರದ ನೋವು, ಜ್ವರ, ಉಸಿರಾಟದ ತೊಂದರೆ, ರಕ್ತವಾಂತಿ, ಕಪ್ಪು ಮಲ, ನೀರು ಕುಡಿದೊಡನೆ ಕೆಮ್ಮು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿರಿ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಗಂಥಿ ಸಂಸ್ಥೆಯಿದೆ. ಆದರೂ ಇಂಥ ಹೊತ್ತಿನಲ್ಲಿ ಮೊದಲು ಸಮೀಪದ ಆಸ್ಪತ್ರೆಯೇ ಲೇಸು. ಸ್ಟೆಂಟ್ ಹಾಕಿದ ದಿನ ಕೊಟ್ಟ ಚೀಟಿ ಕೈಯಲ್ಲಿರಲಿ.

ಹಿರಿಯರಿಗೆ ಉಣಬಡಿಸುವ ಕೈ ಪ್ರೀತಿಯದು. ಆ ಪ್ರೀತಿಗೆ ತಿಳಿವಳಿಕೆಯೂ ಜೊತೆಯಾಗಲೆಂಬುದೇ ನಮ್ಮ ಬಿನ್ನಹ.